ರಸ್ತೆಯ ಆ ತುದಿಯ ಸಂಜೆ

ಅವ್ವ ಎರಡು ತಾಸು ಸುಮ್ನೆ ಕೂತಿದ್ದಳು. ಓದುವವರಿಗೆ ಇದರಲ್ಲೇನಿದೆ ಅನ್ನಿಸಬಹುದು. ನಮ್ಮ ಮನೆಯವರಿಗೆ ಹಾಗಲ್ಲ. ಅವ್ವ ಕೂತರೆ ಕೈಯಲ್ಲಿ ಮೊರ ಇರುತ್ತದೆ. ಇಲ್ಲವೇ ಶೇಂಗಾ ಸುಲಿಯುತ್ತಿರುತ್ತಾಳೆ. ಅದೂ ಇಲ್ಲದಿದ್ದರೆ ಕೌದಿಗೆ ಹಳೇ ಸೀರೆಯ ತುಂಡು ಜೋಡಿಸುತ್ತಿರುತ್ತಾಳೆ. ಬರಿಗೈಯಲ್ಲಿ ಕೂತ ಅವ್ವನನ್ನು ನಾನು ನೋಡಿ ಹದಿನೈದು ವರ್ಷವಾದರೂ ಆಗಿತ್ತು. 2024ರ ನವೆಂಬರಿನಲ್ಲಿ, ಅಂಕೋಲಾ ಹತ್ತಿರದ ಬೇಲೇಕೇರಿಯ ದಂಡೆಯಲ್ಲಿ, ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟು, ಸೆರಗು ಹೊದ್ದು, ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡು ಕೂತಳು. ನಾಲ್ಕೂವರೆಗೆ ಕೂತವಳು ಎದ್ದದ್ದು ಆರೂವರೆ ದಾಟಿದ ಮೇಲೆ. ಊರಿಗೆ ಬಂದು ಇಷ್ಟು ದಿನವಾದರೂ ಆ ಎರಡು ತಾಸು ನನ್ನ ತಲೆಯಿಂದ ಹೋಗಿಲ್ಲ. ಅಲ್ಲಿ ಹಾಗೆ ಕೂತವಳು ಇಲ್ಲಿ ಯಾಕೆ ಕೂರುವುದಿಲ್ಲ?

ಸಮುದ್ರ ನೋಡಿದರೆ ಯಾರಿಗಾದರೂ ಹಾಗೇ ಆಗುತ್ತೆ ಬಿಡು ಅಂತ ಗೆಳೆಯರು ಹೇಳಿದರು. ಆ ಮಾತು ನನಗೆ ಸಾಲಲಿಲ್ಲ. ಸಮುದ್ರವನ್ನು ಅವಳು ನೋಡಿದ್ದು ಅರ್ಧ ತಾಸು ಇರಬಹುದು. ಮೊದಲು ಕಂಡಾಗ, "ನಮ್ಮ ಡ್ಯಾಮಿನಂಗ ಐತಲ್ಲೋ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಇದರ ಆ ಕಡಿ ದಂಡಿ ಎಲ್ಲೈತಿ?" ಅಂತ ಕೇಳಿದಳು. ಇಲ್ಲ ಅಂದಾಗ ಸುಮ್ಮನಾದಳು. ಆಮೇಲೆ ಅವಳು ನೋಡುತ್ತಾ ಕೂತದ್ದು ಅಲ್ಲಿಯ ಜನರನ್ನು.

ಮಾವ ಹೇಳುತ್ತಿದ್ದ ಊರು

ನಮ್ಮ ಕಡೆಯವರು ಸಮುದ್ರ ಅಂದರೆ ಗೋಕರ್ಣಕ್ಕೆ ಹೋಗುತ್ತಾರೆ, ಮುರುಡೇಶ್ವರಕ್ಕೆ ಹೋಗುತ್ತಾರೆ. ದೇವರ ದರ್ಶನವೂ ಆಯಿತು, ನೀರೂ ನೋಡಿದ ಹಾಗಾಯಿತು. ನಾವು ಬೇಲೇಕೇರಿಗೆ ಹೋದದ್ದು ನಮ್ಮ ಸೋದರಮಾವನಿಂದ. ಮಾವ ಮೊದಲು ಅದಿರು ಲಾರಿ ಓಡಿಸುತ್ತಿದ್ದ. ಸಂಡೂರು ಹೊಸಪೇಟೆ ಕಡೆಯ ಗುಡ್ಡದಲ್ಲಿ ತುಂಬಿಸಿಕೊಂಡು, ಕೊಪ್ಪಳ, ಗದಗ, ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು ಬೇಲೇಕೇರಿ ಬಂದರಿನಲ್ಲಿ ಖಾಲಿ ಮಾಡಿ ಬರಬೇಕು. ಹುಬ್ಬಳ್ಳಿಯಿಂದ ಅಂಕೋಲಾಕ್ಕೆ ರೈಲು ಬರುತ್ತದೆ ಅನ್ನುವ ಮಾತು ನಾನು ಹುಡುಗನಾಗಿದ್ದಾಗಿಂದ ಕೇಳುತ್ತಾ ಇದ್ದೇನೆ. ಘಟ್ಟದ ಕಾಡಿನ ಪ್ರಶ್ನೆಯಲ್ಲಿ ಅದು ನಿಂತೇ ಇದೆ. ರೈಲು ಇಲ್ಲದ್ದಕ್ಕೆ ಅಷ್ಟೂ ಮಣ್ಣು ಲಾರಿಯ ಮೇಲೆಯೇ ಹೋಯಿತು.

ಮಾವ ಮನೆಗೆ ಬಂದಾಗಲೆಲ್ಲ ಒಂದೇ ಕಥೆ. ಬಂದರಿನ ಮುಂದೆ ಲಾರಿ ಸಾಲು ನಿಂತಿರುತ್ತದೆ. ಸರದಿ ಬರಲು ಕೆಲವು ಸಲ ಎರಡು ದಿನ, ಮೂರು ದಿನ. ಲಾರಿಯೊಳಗೆ ಕುದಿ, ಹೊರಗೆ ಧೂಳು. ಸಂಜೆಯಾದರೆ ಕ್ಲೀನರ್ ಹುಡುಗನನ್ನು ಲಾರಿ ಹತ್ತಿರ ಬಿಟ್ಟು, ಒಂದು ಮೈಲಿ ನಡೆದು ಮೀನುಗಾರರ ಕೇರಿ ದಾಟಿ ದಂಡೆಗೆ ಹೋಗಿ ಕೂರುತ್ತಿದ್ದನಂತೆ. "ಅಲ್ಲಿ ಕುಂತ್ರ ಮನಿ ನೆನಪಾಗ್ತಿತ್ತು. ಮನಿ ಅಂದ್ರ ನಿಮ್ಮ ಮನಿ ಅಂಗಳ, ಅಕ್ಕಾ" ಅಂತ ಅವ್ವನಿಗೆ ಹೇಳುತ್ತಿದ್ದ. ಅಕ್ಕನನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಬೇಕು ಅನ್ನುವುದು ಅವನ ಹದಿನೈದು ವರ್ಷದ ಆಸೆ. ಕಡೆಗೂ ಕಾರು ಮಾಡಿಕೊಂಡು ಮೂವರೂ ಹೋದೆವು. ಕೊಪ್ಪಳದಿಂದ ಸುಮಾರು ಎರಡೂವರೆ ನೂರು ಕಿಲೋಮೀಟರ್. ಹಳೆಯ ಲೆಕ್ಕದಲ್ಲಿ ಇದು 63ನೇ ನಂಬರಿನ ಹೆದ್ದಾರಿ. ಅಂಕೋಲಾದಲ್ಲಿ ಶುರುವಾಗಿ ಹುಬ್ಬಳ್ಳಿ, ಗದಗ, ಕೊಪ್ಪಳ, ಬಳ್ಳಾರಿ ದಾಟಿ ಆಂಧ್ರದ ಗುತ್ತಿಗೆ ಮುಟ್ಟುವ ರಸ್ತೆ. ಈಗ ನಂಬರು ಬದಲಾಗಿವೆ. ಆದರೆ ನಮ್ಮ ಮನೆ ಮುಂದೆ ಹರಿಯುವ ರಸ್ತೆಯ ಒಂದು ತುದಿಯಲ್ಲಿ ಸಮುದ್ರ ಇದೆ ಅನ್ನುವುದು ನನಗೆ ಆ ದಿನದವರೆಗೆ ಮನಸ್ಸಿಗೆ ಹತ್ತಿರಲಿಲ್ಲ.

ಆ ಸಂಜೆಯಲ್ಲಿ ಏನೂ ನಡೆಯಲಿಲ್ಲ. ಅದನ್ನೇ ಹೇಳಬೇಕಾಗಿದೆ. ಎರಡು ದೋಣಿ ಮರಳಿನ ಮೇಲೆ ಎಳೆದು ಇಟ್ಟಿದ್ದರು. ಅವುಗಳ ನೆರಳಲ್ಲಿ ಮೂವರು ಗಂಡಸರು ಬಲೆ ಹರಡಿಕೊಂಡು ಕೂತಿದ್ದರು. ಹಿರಿಯರೊಬ್ಬರು ಬಲೆಯ ಒಂದು ಅಂಚನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಬಿಗಿಯಾಗಿ ಹಿಡಿದಿದ್ದರು. ಕೈಯಲ್ಲಿ ಚಪ್ಪಟೆಯಾದ ಪ್ಲಾಸ್ಟಿಕ್ ಸೂಜಿ, ಅದರ ಹೊಟ್ಟೆಗೆ ಸುತ್ತಿದ ನೈಲಾನ್ ದಾರ. ಹರಿದ ಕಣ್ಣು ಸಿಕ್ಕಿದರೆ ಬೆರಳಿನಿಂದ ಅಳೆದು, ಸೂಜಿ ತೂರಿಸಿ, ಗಂಟು ಹಾಕಿ, ಮುಂದಕ್ಕೆ. ಕಣ್ಣು ಬಲೆಯ ಮೇಲೆ ಇರಲೇ ಇಲ್ಲ. ಮಾತಾಡುತ್ತಲೇ ಇದ್ದರು. ಮಾತು ನಿಂತಾಗಲೂ ಯಾರಿಗೂ ಕಸಿವಿಸಿ ಇಲ್ಲ. ಒಬ್ಬಳು ಹೆಂಗಸು ಬುಟ್ಟಿ ಹಿಡಿದು ಬಂದಳು, ನಿಂತಳು, ಏನೋ ಅಂದಳು, ಹೋದಳು. ಮಕ್ಕಳು ನೀರು ಬಂದಾಗ ಹಿಂದಕ್ಕೆ, ಹೋದಾಗ ಮುಂದಕ್ಕೆ ಓಡುತ್ತಿದ್ದವು. ಒಂದು ನಾಯಿ ಮರಳು ಕೆದರಿ ಅದರಲ್ಲಿ ಮಲಗಿತು.

ಅವ್ವ ಬುತ್ತಿ ಬಿಚ್ಚಿದಳು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ರೊಟ್ಟಿ ಮುರಿದಳು. ಸದ್ದೇ ಬರಲಿಲ್ಲ. ಬೆಳಿಗ್ಗೆ ಮನೆ ಬಿಟ್ಟಾಗ ಹಪ್ಪಳದ ಹಾಗೆ ಇದ್ದ ರೊಟ್ಟಿ ಅಲ್ಲಿನ ಗಾಳಿಗೆ ಮೆತ್ತಗಾಗಿತ್ತು. ಅವ್ವ ತುಂಡನ್ನು ಬೆಳಕಿಗೆ ಹಿಡಿದು ಬಗ್ಗಿಸಿ ನೋಡಿದಳು. "ಗಾಳ್ಯಾಗ ನೀರೈತಿ" ಅಂದಳು. ನಮ್ಮಲ್ಲಿ ತಿಂಗಳು ಇಟ್ಟರೂ ಕೆಡದ ರೊಟ್ಟಿ. ದೂರ ಬಂದಿದ್ದೇವೆ ಅಂತ ಅವಳಿಗೆ ಗೊತ್ತಾದದ್ದು ಅಲೆ ನೋಡಿದಾಗಲ್ಲ, ಆ ರೊಟ್ಟಿ ಮುರಿದಾಗ ಅಂತ ನನಗನ್ನಿಸುತ್ತದೆ.

ಹೊರಸು ಒಳಗೆ ಹೋದದ್ದು

ನಮ್ಮ ಮನೆ ಕೊಪ್ಪಳ ಮತ್ತು ಗಿಣಿಗೇರಾ ನಡುವೆ, ಹೆದ್ದಾರಿಯಿಂದ ಕೂಗಳತೆ ದೂರ. ನಾನು ಚಿಕ್ಕವನಿದ್ದಾಗ ನಮ್ಮಲ್ಲೂ ಒಂದು ಸಂಜೆ ಇತ್ತು. ಕರಾವಳಿಯ ಸಂಜೆಯಂಥದ್ದಲ್ಲ. ನಮ್ಮಲ್ಲಿ ಹೊತ್ತು ಮುಳುಗುವುದನ್ನು ನೋಡಲು ಯಾರೂ ಹೋಗುವುದಿಲ್ಲ. ಯಾವಾಗ ಹೋಗುತ್ತಾನೋ ಅಂತ ಕಾಯುತ್ತೇವೆ. ಅವನು ಹೋದ ಮೇಲೂ ಕಲ್ಲು ಬಿಸಿ ಇರುತ್ತದೆ. ನಮ್ಮ ಸುತ್ತ ಇರುವುದೆಲ್ಲ ಬಂಡೆಗುಡ್ಡ. ಹಗಲೆಲ್ಲ ಕುಡಿದ ಬಿಸಿಲನ್ನು ಅವು ರಾತ್ರಿ ಒಂಬತ್ತರವರೆಗೆ ಬಿಡುತ್ತಾ ಇರುತ್ತವೆ. ಏಪ್ರಿಲ್ ತಿಂಗಳಲ್ಲಿ ಹನುಮಪ್ಪನ ಗುಡಿ ಕಟ್ಟೆಯ ಮೇಲೆ ಕೂತರೆ ಧೋತರದ ಒಳಗಿಂದ ಕಾವು ಗೊತ್ತಾಗುತ್ತದೆ. ಹಾಗಾಗಿ ನಮ್ಮ ಸಂಜೆ ತಡವಾಗಿ ಶುರು. ಎಂಟರ ಸುಮಾರಿಗೆ ಅಂಗಳಕ್ಕೆ ನೀರು ಚಿಮುಕಿಸಿ, ಅಪ್ಪ ಹೊರಸು, ಅಂದರೆ ಹಗ್ಗದಲ್ಲಿ ಹೆಣೆದ ಮಂಚ, ಹೊರಗೆ ಎಳೆಯುತ್ತಿದ್ದ. ಬೇವಿನ ಮರದ ಕೆಳಗೆ ಎರಡು ಹೊರಸು. ಓಣಿಯವರು ಒಬ್ಬೊಬ್ಬರೇ ಬಂದು ಕೂರುತ್ತಿದ್ದರು. ಅಗಸಿ ಹತ್ತಿರದಿಂದ ಯಾರೋ ಮಿರ್ಚಿ, ಮಂಡಾಳ ಒಗ್ಗರಣಿ ಕಟ್ಟಿಸಿಕೊಂಡು ಬರುತ್ತಿದ್ದರು. ಮಾತು, ಮಾತಿನ ನಡುವೆ ಸುಮ್ಮನೆ ಇರುವುದು, ಮತ್ತೆ ಮಾತು. ಅವ್ವ ಹೊರಸಿನ ಅಂಚಿಗೆ ಕೂತಿರುತ್ತಿದ್ದಳು. ಅವಳ ಕೈ ಖಾಲಿ ಇರುತ್ತಿತ್ತು. ಅದು ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ಆ ಕೈ ನನ್ನ ತಲೆಯ ಮೇಲೆ ಇರುತ್ತಿತ್ತು.

2004ರ ಆಚೆಗೆ ಲಾರಿ ಜಾಸ್ತಿಯಾದವು. ಚೀನಾದಲ್ಲಿ ಕಬ್ಬಿಣಕ್ಕೆ ಬೇಡಿಕೆ ಬಂತು, ಬಳ್ಳಾರಿಯ ಗುಡ್ಡಕ್ಕೆ ಬೆಲೆ ಬಂತು. ನಿಮಗೆಲ್ಲ ಗೊತ್ತಿರುವ ಕಥೆಯೇ. ಮೊದಮೊದಲು ಊರಿನಲ್ಲಿ ಖುಷಿ ಇತ್ತು. ಡ್ರೈವರ್ ಕೆಲಸ ಸಿಕ್ಕಿತು, ಪಂಚರ್ ಅಂಗಡಿ ಬಂದವು, ಡಾಬಾ ಬಂದವು. ಮಾವನ ಕೈಯಲ್ಲಿ ಮೊದಲ ಸಲ ನಾಲ್ಕು ಕಾಸು ಓಡಾಡಿದವು. ನಮ್ಮ ಮನೆ ಮುಂದೆ ಹಾಯುವಾಗ ಎರಡು ಸಲ ಉದ್ದ ಹಾರ್ನ್ ಹೊಡೆಯುತ್ತಿದ್ದ. ಅವ್ವ ರಾತ್ರಿ ನಿದ್ದೆಯಲ್ಲೂ ಆ ಹಾರ್ನ್ ಗುರುತು ಹಿಡಿದು, "ತಮ್ಮ ಹೋದ" ಅನ್ನುತ್ತಿದ್ದಳು.

ಆಮೇಲೆ ಒಂದರ ಹಿಂದೆ ಒಂದು, ಹಗಲೂ ರಾತ್ರಿ. ಬೇವಿನ ಎಲೆ ಕೆಂಪಾಯಿತು. ಮಾಳಿಗೆ ಕೆಂಪು, ಎಮ್ಮೆಯ ಬೆನ್ನು ಕೆಂಪು. ಅಂಗಳಕ್ಕೆ ನೀರು ಚಿಮುಕಿಸಿದರೆ ತಂಪಾಗುವ ಬದಲು ಕೆಸರಾಗುತ್ತಿತ್ತು. ಒಂದು ದಿನ ಅವ್ವ ಹೊರಸಿಗೆ ಹಾಸಿದ್ದ ಕೌದಿ ಝಾಡಿಸಿದಳು. ಎದ್ದ ಧೂಳಿಗೆ ಅಪ್ಪ ಅರ್ಧ ತಾಸು ಕೆಮ್ಮಿದ. ಮರುದಿನ ಅವಳೇ ಹೊರಸು ಎಳೆದು ಪಡಸಾಲೆಗೆ ಹಾಕಿದಳು. ಯಾರೂ ಏನೂ ಹೇಳಲಿಲ್ಲ. ನಾಳೆ ಮತ್ತೆ ಹೊರಗೆ ಹಾಕಿದರಾಯಿತು ಅಂತಲೇ ಎಲ್ಲರೂ ಅಂದುಕೊಂಡಿದ್ದೆವು. ಆ ನಾಳೆ ಬರಲಿಲ್ಲ. ಓಣಿಯವರೂ ಬರುವುದು ನಿಂತಿತು. ಒಳಗೆ ಟಿವಿ ಇತ್ತು.

2010ರ ಜುಲೈನಲ್ಲಿ ರಾಜ್ಯ ಸರ್ಕಾರ ನಮ್ಮ ಬಂದರುಗಳಿಂದ ಅದಿರು ರಫ್ತು ನಿಲ್ಲಿಸಿತು. ಮರುವರ್ಷ ಜುಲೈನಲ್ಲಿ ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತರ ವರದಿ ಬಂತು, ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಲಾರಿ ನಿಂತವು. ಎರಡು ಮಳೆಗಾಲಕ್ಕೆ ಬೇವು ಹಸಿರಾಯಿತು. ಮಾವ ಕೆಲಸ ಬಿಟ್ಟು ಊರಿಗೆ ಬಂದು ಟಂಟಂ ಆಟೋ ಹಿಡಿದ. ಗಣಿ ಆಮೇಲೆ ನಿಯಮದ ಕೆಳಗೆ ಮತ್ತೆ ಶುರುವಾಯಿತು, ಆದರೆ ಆ ಲಾರಿ ಸಾಲು ನಮ್ಮ ಮನೆ ಮುಂದೆ ಮತ್ತೆ ಬರಲಿಲ್ಲ. ಇಷ್ಟಾದರೂ ಹೊರಸು ಮಾತ್ರ ಹೊರಗೆ ಬರಲಿಲ್ಲ. ನನ್ನನ್ನು ಕಾಡುತ್ತಿರುವುದು ಇದೇ. ಧೂಳು ಹೋಯಿತು, ಸದ್ದು ಕಡಿಮೆಯಾಯಿತು. ನಾವು ಒಳಗೇ ಉಳಿದೆವು. ಒಳಗೆ ಕೂರುವುದು ಅಷ್ಟು ಬೇಗ ರೂಢಿಯಾಗಿಬಿಟ್ಟಿತ್ತು.

ಅಲ್ಲಿಯೂ ಬಟ್ಟೆ ಕೆಂಪಾಗಿತ್ತು

ಬೇಲೇಕೇರಿಯಲ್ಲಿ ಬಲೆ ಹೆಣೆಯುತ್ತಿದ್ದ ಹಿರಿಯರು ನಮ್ಮ ಮಾತಿನ ಧಾಟಿ ಕೇಳಿ, "ಯಾವ ಕಡೆಯವರು?" ಅಂದರು. ಮಾವ ಕೊಪ್ಪಳ ಅಂದ. ಅವರು ತಲೆ ಎತ್ತಿ ನೋಡಿದರು. "ಲಾರಿಯವರಾ?" ಅಂತ ಕೇಳಿದರು. ಮಾವ ಒಂದು ಕ್ಷಣ ಸುಮ್ಮನಿದ್ದು, "ಹೌದ್ರಿ, ಆಗ ಓಡಿಸ್ತಿದ್ದೆ" ಅಂದ. ನನಗೆ ಸ್ವಲ್ಪ ಹೆದರಿಕೆಯಾಯಿತು. ಅವರು ಬೈಯಲಿಲ್ಲ. ಸೂಜಿಯಿಂದ ಬಂದರಿನ ಕಡೆ ತೋರಿಸಿ, "ಅಲ್ಲಿ ಗುಡ್ಡದ ಹಾಗೆ ರಾಶಿ ಬಿದ್ದಿತ್ತು. ನಮ್ಮ ಮನೆಯಲ್ಲಿ ಒಣಗಲು ಹಾಕಿದ ಬಟ್ಟೆ ಎಲ್ಲ ಕೆಂಪು" ಅಂದರು. ಅವ್ವ ಅಲ್ಲಿಯವರೆಗೆ ಮಾತಾಡಿರಲಿಲ್ಲ. "ನಮ್ಮಲ್ಲೂ ಹಂಗ ಆಗಿತ್ರಿ, ಯಣ್ಣಾ" ಅಂದಳು. "ಹೌದಾ ಅಮ್ಮ?" ಅಂತ ಅವರು ನಿಜವಾಗಿ ಆಶ್ಚರ್ಯಪಟ್ಟರು. ಮಣ್ಣು ತೆಗೆದ ಕಡೆ ಧೂಳು ಇರುತ್ತದೆ ಅಂತ ಅವರಿಗೆ ಗೊತ್ತಿತ್ತು. ದಾರಿಯುದ್ದಕ್ಕೂ ಇದ್ದವರ ಮನೆಗೂ ಬಿದ್ದಿರಬಹುದು ಅಂತ ಯೋಚಿಸಿರಲಿಲ್ಲ. ನಾವೂ ಅಷ್ಟೇ. ಲಾರಿ ನಮ್ಮ ಮನೆ ದಾಟಿತು ಅಂದರೆ ನಮ್ಮ ಲೆಕ್ಕದಲ್ಲಿ ಅದು ಮುಗಿದ ಹಾಗೆ. ಅದು ಎಲ್ಲೋ ಒಂದು ಕಡೆ ಹೋಗಿ ನಿಲ್ಲುತ್ತದೆ, ಅಲ್ಲೂ ಒಬ್ಬ ಹೆಂಗಸು ಬಟ್ಟೆ ಝಾಡಿಸುತ್ತಾಳೆ ಅಂತ ಒಂದು ದಿನವೂ ಅನ್ನಿಸಿರಲಿಲ್ಲ.

"ಹಂಗಾದ್ರ ನೀವು ಆಗ ಹೊರಗ ಕುಂದ್ರತಿದ್ದಿಲ್ಲೇನ್ರಿ?" ಅವ್ವನ ಪ್ರಶ್ನೆ. ಅವರಿಗೆ ಮೊದಲು ತಿಳಿಯಲಿಲ್ಲ. ಮಾವ ಬಿಡಿಸಿ ಹೇಳಿದ. ಅವರು ಬಲೆಯನ್ನು ತುಸು ಮೇಲೆತ್ತಿ ತೋರಿಸಿದರು. "ಇದನ್ನು ಮನೆ ಒಳಗೆ ಹರಡಲಿಕ್ಕೆ ಆಗ್ತದಾ ಅಮ್ಮ? ಧೂಳಿದ್ದರೂ ಹೊರಗೇ ಕೂರಬೇಕು."

ಈ ಉತ್ತರವನ್ನು ನಾನು ಎಷ್ಟು ಸಲ ತಿರುವಿ ಹಾಕಿದ್ದೇನೋ. ಊರಿಂದ ಹೋದ ನಮಗೆ ಅವರು ಬಿಡುವಾಗಿ ಕೂತ ಹಾಗೆ ಕಂಡರು. ಎಂಥ ನೆಮ್ಮದಿಯ ಸಂಜೆ ಅಂದುಕೊಂಡೆವು. ಆದರೆ ಅವರು ಕೆಲಸ ಮಾಡುತ್ತಿದ್ದರು. ಆ ಬಲೆ ನಾಳೆ ಬೆಳಿಗ್ಗೆಗೆ ಬೇಕು. ಅವರ ನಿಧಾನಕ್ಕೆ ಒಂದು ಕಾರಣ ಇದೆ. ಸಮುದ್ರ ಅವಸರ ಮಾಡಿದರೆ ಕೇಳುವುದಿಲ್ಲ. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ, ಅದೂ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ. ಗಡಿಯಾರ ನೋಡಿ ದೋಣಿ ನೂಕಲು ಆಗುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ಮೀನು ಮರಿ ಮಾಡುವ ಕಾಲ ಅಂತ ಸರ್ಕಾರದ್ದೇ ನಿಷೇಧ. ಕಾಯುವುದು ಅವರ ಕಸುಬಿನ ಒಂದು ಭಾಗ. ಕಾಯುವಾಗ ಕೈಗೆ ಕೆಲಸ ಇರುತ್ತದೆ, ಪಕ್ಕದಲ್ಲಿ ಜನ ಇರುತ್ತಾರೆ. ನಾವು ಸಂಜೆ ಅಂದುಕೊಂಡು ನೋಡಿದ್ದು ಅದನ್ನು.

ಕಾಯುವುದು ನಮಗೂ ಹೊಸದಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನ ಪಾಳಿಗೆ ನಮ್ಮ ಕಡೆಯ ರೈತರು ರಾತ್ರಿಯೆಲ್ಲ ಹೊಲದಲ್ಲಿ ಕೂತವರೇ. ರಾಯಚೂರು ಕಡೆ ಕಾಲುವೆಯ ಕೊನೆಯಲ್ಲಿರುವವರು ಇನ್ನೂ ಹೆಚ್ಚು ಕಾದವರು. ಹಾಗಿದ್ದ ಮೇಲೆ ಕೂರುವುದು ನಮಗೆ ಮರೆತುಹೋಗಿದ್ದು ಹೇಗೆ? ಒಬ್ಬರೇ ಕಾಯುವುದಕ್ಕೂ ನಾಲ್ಕು ಜನ ಕೂಡಿ ಕಾಯುವುದಕ್ಕೂ ಇರುವ ಅಂತರ ಇರಬಹುದು. ಹೊರಸು ಒಳಗೆ ಹೋದಾಗ ನಾವು ಕಳೆದುಕೊಂಡದ್ದು ತಂಪು ಗಾಳಿಯನ್ನಲ್ಲ. ಫ್ಯಾನ್ ಇದೆ, ಕೂಲರ್ ಇದೆ. ಕಳೆದುಕೊಂಡದ್ದು ಯಾರು ಬೇಕಾದರೂ ಬಂದು ಕೂರಬಹುದಾದ ಆ ಅಂಚನ್ನು. ಬಾಗಿಲು ತಟ್ಟಿ ಒಳಗೆ ಬರಲು ಒಂದು ಕಾರಣ ಬೇಕು. ಹೊರಸಿನ ಅಂಚಿಗೆ ಕೂರಲು ಏನೂ ಬೇಡ.

ಅವರ ಸಂಜೆಯೂ ಹಾಗೇ ಇರುತ್ತದೆ ಅನ್ನುವ ಭರವಸೆ ಇಲ್ಲ. ಅಂಕೋಲಾ ಮಗ್ಗುಲಲ್ಲೇ ಕೇಣಿಯಲ್ಲಿ ಆಳದ ದೊಡ್ಡ ಬಂದರು ಕಟ್ಟುವ ಯೋಜನೆ ಬಂದಿದೆ. ಮೀನುಗಾರರು ಬೇಡ ಅಂತ ಬೀದಿಗೆ ಇಳಿದಿದ್ದಾರೆ. ಅದನ್ನು ಕೇಳಿದಾಗ ಹಿರಿಯರು ಉದ್ದ ಮಾತಾಡಲಿಲ್ಲ. "ಬಲೆ ಎಲ್ಲಿ ಹರಡೋದು ಹೇಳಿ" ಅಂದರು ಅಷ್ಟೆ. ನನಗೆ ನಮ್ಮ ಪಡಸಾಲೆ ಕಣ್ಣಿಗೆ ಬಂತು. ಒಂದು ಊರಿನ ಸಂಜೆ ಹೋಯಿತು ಅಂತ ಯಾವ ವರದಿಯಲ್ಲೂ ಬರೆಯುವುದಿಲ್ಲ. ಎಷ್ಟು ಟನ್ನು ಹೋಯಿತು, ಎಷ್ಟು ಕೋಟಿ ಹೋಯಿತು ಅನ್ನುವುದು ಇರುತ್ತದೆ. ಅದೂ ಬೇಕು. ಆದರೆ ಇದನ್ನೂ ಯಾರಾದರೂ ಬರೆದಿಡಬೇಕು ಅಂತ ನನಗೆ ಆ ದಂಡೆಯ ಮೇಲೆ ಗಟ್ಟಿಯಾಗಿ ಅನ್ನಿಸಿತು.

ಹೊತ್ತು ಮುಳುಗುವ ಹೊತ್ತಿಗೆ ಸೂರ್ಯ ನೀರಿನ ಗೆರೆ ಮುಟ್ಟಿ, ಕೆಳಗಿನ ಅಂಚು ಒತ್ತಿದ ಹಾಗೆ ಚಪ್ಪಟೆಯಾದ. ಐದಾರು ಜನ ಪ್ರವಾಸಿಗರು ಫೋನು ಎತ್ತಿದರು. ಬಲೆಯವರು ನೋಡಲಿಲ್ಲ. ಬೆಳಕು ಸಾಲದೆ ಸೂಜಿ ಕೆಳಗಿಟ್ಟರು, ಬಲೆ ಸುತ್ತಿದರು. ಅವ್ವ ಮರಳಿನೊಳಗೆ ಕೈ ಊರಿದಳು. "ಆಗ್ಲೇ ತಣ್ಣಗಾತು ನೋಡೋ. ನಮ್ಮ ಕಲ್ಲು ಇನ್ನೂ ಸುಡತಿರತಿತ್ತು" ಅಂದಳು. ಆಮೇಲೆ ಎದ್ದಳು.

ಊರಿಗೆ ಬಂದ ಮೇಲೆ

ಬಂದ ಮೇಲೆ ನಾನು ಮಾಡಿದ ಮೊದಲ ಪ್ರಯತ್ನ ಫಲಿಸಲಿಲ್ಲ. ಒಂದು ಭಾನುವಾರ ಅವ್ವನನ್ನು ತುಂಗಭದ್ರಾ ಹಿನ್ನೀರಿಗೆ ಕರೆದುಕೊಂಡು ಹೋದೆ. ನಮ್ಮ ಸಮುದ್ರ ಅದೇ ಅಲ್ವಾ. 1953ರಲ್ಲಿ ನೀರು ನಿಂತ ಡ್ಯಾಮು. ಮೊದಲು 133 ಟಿಎಂಸಿ ಹಿಡಿಯುತ್ತಿತ್ತು, ಹೂಳು ತುಂಬಿ ಈಗ ಸುಮಾರು 105. ಆ ನೀರಿನ ಅಡಿಯಲ್ಲಿ ನಾರಾಯಣದೇವರಕೆರೆಯಂಥ ಮುಳುಗಿದ ಊರುಗಳು ಇವೆ. ಅಲ್ಲಿಯ ಕಟ್ಟೆಗಳೂ ಇವೆ ಅಂದುಕೊಳ್ಳುತ್ತೇನೆ. ಚಳಿಗಾಲದ ಸಂಜೆ, ನೀರು ಗಾಜಿನ ಹಾಗೆ ನಿಂತಿತ್ತು. ದೂರದಲ್ಲಿ ಒಂದು ಹರಿಗೋಲು. ಅವ್ವ ಹತ್ತು ನಿಮಿಷ ನಿಂತಳು. "ಇಲ್ಲಿ ಯಾರ ಜೋಡಿ ಕುಂದ್ರೂದು?" ಅಂದಳು. ಸುತ್ತ ಯಾರೂ ಇರಲಿಲ್ಲ. ಆ ವರ್ಷ ಆಗಸ್ಟಿನಲ್ಲಿ 19ನೇ ಗೇಟು ಕೊಚ್ಚಿಹೋದಾಗ ಡ್ಯಾಮಿನ ಹತ್ತಿರ ಜನವೋ ಜನ. ನೀರು ಹೋಗುತ್ತಿದೆ ಅಂದಾಗ ಬಂದವರು, ನೀರು ನಿಂತಾಗ ಬರಲಿಲ್ಲ. ನಾವು ವಾಪಸ್ ಹೊರಟೆವು.

ಏಪ್ರಿಲಿನಲ್ಲಿ ಒಂದು ದಿನ ಸಂಜೆ ಕರೆಂಟು ಹೋಯಿತು. ಒಳಗೆ ಇರಲು ಆಗಲಿಲ್ಲ. ಅವ್ವ ಪಡಸಾಲೆಯ ಮೂಲೆಯಲ್ಲಿ ನಿಲ್ಲಿಸಿದ್ದ ಹೊರಸಿನ ಕಡೆ ನೋಡಿ, "ಅದನ್ನ ಹೊರಗ ತಗೀರಿ" ಅಂದಳು. ನಾನೂ ಮಾವನೂ ಎಳೆದೆವು. ನಾನು ಕೂತ ಕೂಡಲೇ ನಡುವಿನ ಹಗ್ಗ ಪಟಪಟ ಹರಿದು ಕೆಳಗೆ ಬಿದ್ದೆ. ಇಪ್ಪತ್ತು ವರ್ಷದ ಹಗ್ಗ, ಹುಡಿಯಾಗಿತ್ತು. ಮಾವ ಹಳೆಯದನ್ನೆಲ್ಲ ಕೊಯ್ದು ತೆಗೆದ. ಮರುದಿನ ಸಂತೆಯಿಂದ ಪುಂಡಿ ನಾರಿನ ಹಗ್ಗ ತಂದ. ಈಗ ಅದು ಸುಲಭಕ್ಕೆ ಸಿಗುವುದಿಲ್ಲ, ಮೂರು ಅಂಗಡಿ ಕೇಳಿದನಂತೆ.

ಬೇವಿನ ಕೆಳಗೆ ಹೊರಸಿನ ಚೌಕಟ್ಟು ಹಾಕಿಕೊಂಡು ಮಾವ ಹೆಣೆಯಲು ಕೂತ. ಹಗ್ಗಕ್ಕೆ ನೀರು ಹಾಕಿ ನೆನೆಸಿದ್ದ. ಒಂದು ಎಳೆ ಆ ಕಡೆಯಿಂದ, ಒಂದು ಈ ಕಡೆಯಿಂದ. ಎರಡು ಮೇಲೆ, ಎರಡು ಕೆಳಗೆ. ಪ್ರತಿ ಸುತ್ತಿಗೆ ಚೌಕಟ್ಟಿಗೆ ಪಾದ ಒತ್ತಿ ಎಳೆಯುತ್ತಿದ್ದ. ಎಳೆ ಸಡಿಲಾಗದಂತೆ ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡಿದ್ದ. ಅವ್ವ ಅದನ್ನು ನೋಡಿದಳು, ನನ್ನನ್ನು ನೋಡಿದಳು. ಏನೂ ಹೇಳಲಿಲ್ಲ. ಪಕ್ಕದ ಮನೆಯ ಅಜ್ಜ ಕೋಲು ಊರಿಕೊಂಡು ಬಂದು, ಹಂಗಲ್ಲ, ಮೂಲೆಯಿಂದ ಹಿಡಿ ಅಂತ ಹೇಳಲು ಶುರುಮಾಡಿದ. ಅವನ ಹಿಂದೆ ಇನ್ನೊಬ್ಬರು ಬಂದರು. ಅವರಿಗೂ ಹೊರಸು ಹೆಣೆಯುವುದರ ಬಗ್ಗೆ ಹೇಳಲು ಬಹಳ ಇತ್ತು. ಅವ್ವ ಕಟ್ಟೆಗೆ ಕೂತಳು, ಬಿಸಿ ಇದೆ ಅಂತ ಎದ್ದಳು, ಒಂದು ತಂಬಿಗೆ ನೀರು ಹೊಯ್ದು ಮತ್ತೆ ಕೂತಳು. ಕೈ ಮಡಿಲಲ್ಲಿತ್ತು.

ಅರ್ಧಕ್ಕಿಂತ ತುಸು ಹೆಚ್ಚು ಆಗಿತ್ತು, ಕತ್ತಲಾಯಿತು. ಮಾವ ಮೊಬೈಲಿನ ಬೆಳಕು ಹಾಕು ಅಂದ. "ಬ್ಯಾಡ ಬಿಡೋ ತಮ್ಮಾ, ಉಳಿದಿದ್ದು ನಾಳೆ ಮಾಡಿದ್ರಾತು" ಅಂದಳು ಅವ್ವ. ಯಾರೂ ಏಳಲಿಲ್ಲ.